ಆನೆಗೊಂದು ತೋಟಾ, ಜಿಂಕೆಗೊಂದು: ಸ್ಯಾಂಡರ್ಸನ್ ಬದುಕಿನ ಪಾಠ

ಮೈಸೂರು: ಖೆಡ್ಡಾ ಎಂದೊಡನೆ ನೆನಪಾಗುವ ಹೆಸರು ಜಿ.ಪಿ. ಸ್ಯಾಂಡರ್ಸನ್. 1848ರಲ್ಲಿ ಜನಿಸಿದ ಈ ಆಂಗ್ಲ ಅಧಿಕಾರಿ 1864ರಲ್ಲಿ ಭಾರತಕ್ಕೆ ಬಂದರು. ಮೈಸೂರು ಸಂಸ್ಥಾನದ ನಾಲೆಗಳ ಮೇಲ್ವಿಚಾರಣೆಗೆಂದು ಹುಣಸೂರಿನಲ್ಲಿ ನೆಲೆಸಿದರು. ಚುಂಚನಕಟ್ಟೆಯ ಕಾವೇರಿ ಬಯಲು, ಕಾಕನಕೋಟೆಯ ದಟ್ಟ ಕಾಡು ಎರಡೂ ಅಲ್ಲಿಂದ ದೂರವಿರಲಿಲ್ಲ. ನೌಕರಿಯ ಜತೆಗೆ ಬೇಟೆಯೂ ಬೆಳೆಯಿತು.

ಆನೆಗೆ ಅವರು ಬಳಸಿದ್ದು 4 ಬೋರಿನ ಭಾರೀ ಕೋವಿ. ಒಂದು ಪೌಂಡ್ ಸೀಸಕ್ಕೆ ನಾಲ್ಕೇ ಗುಂಡು; ಒಂದೊಂದರ ತೂಕ ಸುಮಾರು 113 ಗ್ರಾಂ. ಇಂಥ ಕೋವಿಯ ಒದೆತ ಭುಜವನ್ನೇ ನಡುಗಿಸುವಂಥದು. ಒದೆತಕ್ಕೆ ಅಂಜಿದವನ ಗುರಿ ತಪ್ಪುತ್ತದೆ. ಗಾಯಗೊಂಡ ಪ್ರಾಣಿ ಪೊದೆ ಸೇರಿ ನರಳುತ್ತದೆ. ಆದ್ದರಿಂದಲೇ ಆ ಕಾಲದ ಬೇಟೆಗಾರರು ಜಿಂಕೆ, ಕಡವೆಗಳಿಗೆ .450 ಎಕ್ಸ್‌ಪ್ರೆಸ್ ರೈಫಲ್ ಆರಿಸುತ್ತಿದ್ದರು. ಅದರ ಗುಂಡಿನ ತೂಕ 4 ಬೋರಿನದರ ಕಾಲು ಭಾಗಕ್ಕೂ ಕಡಿಮೆ, ವೇಗ ಹೆಚ್ಚು, ಒದೆತ ಹಗುರ. 1878ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸ್ಯಾಂಡರ್ಸನ್ ರೈಫಲ್‌ಗಳ ಆಯ್ಕೆಯ ಕುರಿತೂ ಸಲಹೆ ನೀಡಿದ್ದಾರೆ.

ಆದರೆ ಅವರಿಗೆ ಕೀರ್ತಿ ತಂದದ್ದು ಕೋವಿಯಲ್ಲ. ಹೈದರಾಲಿ ಯತ್ನಿಸಿ ಸೋತಿದ್ದ ಆನೆ ಹಿಡಿಯುವ ಕಾರ್ಯವನ್ನು ಅವರು 1874ರಲ್ಲಿ ಚಾಮರಾಜನಗರದ ಬಳಿ ಸಾಧಿಸಿದರು. ಒಂದೇ ಖೆಡ್ಡಾದಲ್ಲಿ 50ಕ್ಕೂ ಹೆಚ್ಚು ಆನೆಗಳು ಸೆರೆಯಾದವು. ಸೆರೆಯೂ ನೋವಿಲ್ಲದ್ದಾಗಿರಲಿಲ್ಲ, ಹಲವು ಆನೆಗಳು ಅದರಲ್ಲಿ ಮಡಿದವು.

1892ರಲ್ಲಿ ಸ್ಯಾಂಡರ್ಸನ್ ನಿಧನರಾದರು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಇಂದು ಈ ಕಾಡಿನ ಜಿಂಕೆಗೆ ತಕ್ಕ ತೋಟಾ ಯಾವುದೂ ಇಲ್ಲ.