ಹಿಮನಾಡಿನ ಈಡುಗಾರ: ಡಾಕ್ಟರ್ ಜಾನ್ ರೇ

ಭೂಶೋಧಕರ ಚರಿತ್ರೆಯಲ್ಲಿ ಹಲವರು ತಮ್ಮ ಮರಣದಿಂದ ಪ್ರಸಿದ್ಧರಾಗಿದ್ದಾರೆ. ಹೋದ ಕಾರ್ಯವನ್ನು ಮುಗಿಸಿ, ಜೊತೆಗಾರರನ್ನು ಜೋಪಾನವಾಗಿ ಹಿಂದಕ್ಕೆ ಕರೆತಂದು, ಕಂಡು ಕೇಳಿದ್ದನ್ನು ಉಳ್ಳಂತೆ ಹೇಳಿದ ಕಾರಣಕ್ಕಾಗಿಯೇ ಕೀರ್ತಿಯಿಂದ ವಂಚಿತರಾದವರು ವಿರಳ. ಆ ವಿರಳರಲ್ಲಿ ಸ್ಕಾಟ್ಲೆಂಡಿನ ವೈದ್ಯ ಜಾನ್ ರೇ ಒಬ್ಬನು. ಇವನು ಉತ್ತರ ಧ್ರುವಪ್ರದೇಶದ ಬಯಲಿನಲ್ಲಿ ಕ್ಯಾರಿಬೂ ಎಂಬ ಜಿಂಕೆಗಳನ್ನು ಬೇಟೆಯಾಡಿ ತನ್ನವರ ಹೊಟ್ಟೆ ಹೊರೆದವನು. ಇವನ ಬಾಳನ್ನು ಅರಿಯಬೇಕಾದರೆ ಅವನ ಕಾಲದ ಕೋವಿಯ ವಿಚಾರವನ್ನೂ ಸ್ವಲ್ಪ ತಿಳಿಯಬೇಕಾಗುತ್ತದೆ.

ಜಾನ್ ರೇ 1813ನೆಯ ಇಸವಿ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ಹುಟ್ಟಿದನು. ತಂದೆ ಅಲ್ಲಿನ ಜಮೀನುದಾರನೊಬ್ಬನ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ಪಾರುಪತ್ಯಗಾರ. ಕಡಲು, ದೋಣಿ, ಕೋವಿ, ಬಂಡೆ ಇವುಗಳ ನಡುವೆ ಬೆಳೆದ ಹುಡುಗ ಎಡಿನ್‌ಬರೋದಲ್ಲಿ ವೈದ್ಯವನ್ನು ಕಲಿತು, 1833ರಲ್ಲಿ ಹಡ್ಸನ್ ಬೇ ಕಂಪನಿಯ ಹಡಗಿಗೆ ವೈದ್ಯನಾಗಿ ಸೇರಿ ಕೆನಡಾಕ್ಕೆ ಹೊರಟನು. ಒಂದು ಋತುವಿನ ಮಟ್ಟಿಗೆಂದು ಹೋದವನನ್ನು ಹಿಮಗಡ್ಡೆಗಳು ಅಲ್ಲಿಯೇ ತಡೆದವು. ಆ ಚಳಿಗಾಲದಲ್ಲಿ ಹಡಗಿನವರಿಗೆ ಸ್ಕರ್ವಿ ರೋಗ ತಗಲಿತು. ವಸಂತದಲ್ಲಿ ಹಿಮದ ಕೆಳಗೆ ಉಳಿದಿದ್ದ ಕಾಡುಹಣ್ಣುಗಳು ದೊರೆತವು. ರೋಗಿಗಳು ಅವನ್ನು ತಿಂದು ಚೇತರಿಸಿಕೊಂಡರು. ಆ ನೆಲದಲ್ಲಿ ಬದುಕಬೇಕಾದರೆ ಆ ನೆಲ ಕೊಡುವುದನ್ನೇ ಉಣ್ಣಬೇಕೆಂಬ ಪಾಠ ತರುಣ ವೈದ್ಯನಿಗೆ ಹೀಗೆ ಆರಂಭದಲ್ಲಿಯೇ ದೊರಕಿತು. ಮುಂದೆ ಹತ್ತು ವರ್ಷ ಮೂಸ್ ಫ್ಯಾಕ್ಟರಿ ಎಂಬ ಠಾಣ್ಯದಲ್ಲಿದ್ದು, ಕ್ರೀ ಜನರಿಂದ ಹಿಮಪಾದುಕೆ ತೊಟ್ಟು ನಡೆಯುವುದನ್ನೂ ಬೇಟೆಯ ಮರ್ಮಗಳನ್ನೂ ಕಲಿತನು. ಅವನ ಕಾಲುಗಳ ಬಲ ಇಡೀ ಕಂಪನಿಯಲ್ಲಿ ಮನೆಮಾತಾಗಿತ್ತು.

1846ರ ಬೇಸಗೆಯಲ್ಲಿ ಕಂಪನಿಯು ಅವನಿಗೆ ಎರಡು ದೋಣಿಗಳನ್ನೂ ಹತ್ತು ಹನ್ನೆರಡು ಜನರನ್ನೂ ಕೊಟ್ಟು, ಅಮೆರಿಕಾ ಖಂಡದ ಉತ್ತರದ ಅಂಚಿನಲ್ಲಿ ಇನ್ನೂ ಅಳೆಯದೆ ಉಳಿದಿದ್ದ ಕರಾವಳಿಯ ನಕ್ಷೆ ಬರೆಯಲು ಕಳುಹಿಸಿತು. ಜುಲೈ ತಿಂಗಳಲ್ಲಿ ರಿಪಲ್ಸ್ ಬೇ ಎಂಬ ಕೊಲ್ಲಿಯನ್ನು ಸೇರಿದ ಈ ತಂಡದ ಬಳಿ ವರ್ಷಕ್ಕೆ ಸಾಲುವಷ್ಟು ಆಹಾರವಿರಲಿಲ್ಲ. ಅಲ್ಲಿ ಮರವೂ ಇಲ್ಲ. ಕಲ್ಲಿನ ಗೋಡೆಯ ಒಂದು ಮನೆ ಕಟ್ಟಿ, ನೆಲಕ್ಕೆ ಅಂಟಿದ ಕುರುಚಲನ್ನು ಕಿತ್ತು ಸೌದೆ ಮಾಡಿಕೊಂಡರು. ಚಳಿಗಾಲ ಬರುವ ಮುನ್ನ ದಕ್ಷಿಣಕ್ಕೆ ವಲಸೆ ಹೋಗುವ ಕ್ಯಾರಿಬೂ ಹಿಂಡುಗಳೇ ಅವರ ಉಗ್ರಾಣ. ಹಿಂಡು ದಾಟಿಹೋಗುವುದರೊಳಗೆ ಸಾಕಷ್ಟು ಮಾಂಸ ಕೂಡಿಹಾಕದಿದ್ದರೆ ವಸಂತದವರೆಗೆ ಉಪವಾಸವೇ ಗತಿ. ಆ ಶರತ್ಕಾಲದಲ್ಲಿ ನೂರಕ್ಕೂ ಮೀರಿ ಕ್ಯಾರಿಬೂಗಳು ಬಿದ್ದವು. ಬೇಟೆಯಲ್ಲಿ ಎಲ್ಲರಿಗಿಂತ ಮುಂದಿದ್ದವನು ನಾಯಕನಾದ ರೇಯೇ.

ಇಲ್ಲಿ ಕೋವಿಯ ಮಾತು ಬರುತ್ತದೆ. ಅಂದಿನ ಕೋವಿ ಬಾಯಿಯಿಂದ ಮದ್ದು ತುಂಬುವಂಥದು. ನಮ್ಮ ಮಲೆನಾಡಿನವರು ಕೇಪಿನ ಕೋವಿ ಎಂದು ಕರೆಯುವುದು ಇದೇ ಜಾತಿಯದು. ನಳಿಕೆಯೊಳಕ್ಕೆ ಅಳತೆಯ ಮದ್ದು ಸುರಿದು, ಅದರ ಮೇಲೆ ಸೀಸದ ಗುಂಡನ್ನಿಟ್ಟು, ಗಜದಿಂದ ಒತ್ತಿ ಕೂರಿಸಬೇಕು. ಬೆರಳು ಲೋಹಕ್ಕೆ ಅಂಟಿಕೊಳ್ಳುವಂಥ ಚಳಿಯಲ್ಲಿ ಈ ಕೆಲಸ ಸುಲಭವಲ್ಲ. ಒಂದು ಈಡು ತಪ್ಪಿದರೆ ಇನ್ನೊಂದನ್ನು ತುಂಬುವ ಹೊತ್ತಿಗೆ ಹಿಂಡು ದಿಗಂತದಲ್ಲಿರುತ್ತದೆ. ಆದುದರಿಂದ ಎಷ್ಟು ಮದ್ದು, ಎಂಥ ಗುಂಡು, ಎಷ್ಟು ದೂರ ಎಂಬ ಮೂರು ಪ್ರಶ್ನೆಗಳಿಗೆ ಬೇಟೆಗಾರನು ಕೋವಿ ಎತ್ತುವುದಕ್ಕೆ ಮೊದಲೇ ಉತ್ತರ ಕಂಡುಕೊಂಡಿರಬೇಕು.

ಮರೆಯೇ ಇಲ್ಲದ ಆ ಬಯಲಿನಲ್ಲಿ ದೂರದಿಂದ ಹೊಡೆಯಬೇಕೆನ್ನುವುದು ಸಹಜವಾದ ಆಸೆ. ಮದ್ದನ್ನು ಹೆಚ್ಚಿಸಿದರೆ ಗುಂಡು ದೂರ ಹೋದೀತೆಂಬುದು ಮೇಲುನೋಟದ ಎಣಿಕೆ. ಈ ಎಣಿಕೆಯ ಮಿತಿಯನ್ನು ರೇ ಹುಟ್ಟುವುದಕ್ಕೆ ಎಪ್ಪತ್ತು ವರ್ಷ ಮೊದಲೇ ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞನು 1742ರಲ್ಲಿ ತೋರಿಸಿದ್ದನು. (ಈತನು ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.) ವೇಗ ಹೆಚ್ಚಿದಷ್ಟೂ ಗಾಳಿಯ ತಡೆ ವಿಪರೀತವಾಗಿ ಹೆಚ್ಚುತ್ತದೆ, ವೇಗವಾದ ಗುಂಡಿಗೆ ಗಾಳಿ ಒಡ್ಡುವ ತಡೆ ಅದರ ತೂಕಕ್ಕಿಂತ ನೂರು ಪಟ್ಟಿಗೂ ಮಿಗಿಲೆಂದು ಅವನು ಅಳೆದಿದ್ದನು.

ಒಂದು ಉದಾಹರಣೆಯನ್ನು ನೋಡೋಣ. ಪೌಂಡು ಸೀಸದಲ್ಲಿ 24 ಗುಂಡು ಎರಕ ಹೊಯ್ದರೆ ಒಂದೊಂದು ಸುಮಾರು 19 ಗ್ರಾಂ ತೂಗುತ್ತದೆ. ಇಂಥ ಗುಂಡು ಸೆಕೆಂಡಿಗೆ 1500 ಅಡಿ ವೇಗದಲ್ಲಿ ನಳಿಕೆ ಬಿಟ್ಟರೂ ನೂರು ಗಜ ದಾಟುವಷ್ಟರಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ವೇಗ ಕಳೆದುಕೊಳ್ಳುತ್ತದೆ. ಇನ್ನೂರು ಗಜ ಮುಟ್ಟುವಾಗ ನಳಿಕೆಯ ನೇರಕ್ಕಿಂತ ನಾಲ್ಕೈದು ಅಡಿ ಕೆಳಗಿಳಿದಿರುತ್ತದೆ. ಮದ್ದು ಹೆಚ್ಚಿಸಿ ಗಳಿಸಿದ ವೇಗದಲ್ಲಿ ಬಹುಪಾಲು ಮೊದಲ ನೂರು ಗಜದಲ್ಲೇ ಗಾಳಿಗೆ ಸಲ್ಲುತ್ತದೆ. ಹೊಡೆದವನ ಭುಜಕ್ಕೆ ಒದೆತ ಮಾತ್ರ ಪೂರ್ತಿ ಉಳಿಯುತ್ತದೆ. ಗುಂಡನ್ನೇ ದೊಡ್ಡದು ಮಾಡಿದರೆ ಲಾಭವುಂಟು. ವ್ಯಾಸ ಇಮ್ಮಡಿಯಾದರೆ ಗಾಳಿಗೆ ಒಡ್ಡುವ ಮೈ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ಆದುದರಿಂದ ದೊಡ್ಡ ಗುಂಡು ವೇಗವನ್ನು ಹೆಚ್ಚು ಕಾಪಾಡಿಕೊಳ್ಳುತ್ತದೆ. ಆದರೆ ಅದಕ್ಕೆ ಸೀಸವೂ ಮದ್ದೂ ಹೆಚ್ಚು ಬೇಕು, ಅಲ್ಲಿ ಒಂದೊಂದು ಪೌಂಡನ್ನೂ ಮನುಷ್ಯನ ಬೆನ್ನೋ ಜಾರುಬಂಡಿಯೋ ಹೊರಬೇಕು. ನಳಿಕೆಯೊಳಗೆ ಸುರುಳಿ ಗೀರುಗಳಿದ್ದರೆ ಗುಂಡು ತಿರುಗುತ್ತಾ ನೇರವಾಗಿ ಹೋಗುತ್ತದೆ, ನಿಜ. ಅಲ್ಲಿಯೂ ಮದ್ದು ಅತಿಯಾದರೆ ಮೆತುವಾದ ಸೀಸ ಗೀರುಗಳ ಹಿಡಿತ ತಪ್ಪಿ ಗುರಿ ಕೆಡುತ್ತದೆ.

ಹೀಗೆ ಲೆಕ್ಕ ಹಾಕಿದರೆ ಉಳಿಯುವ ದಾರಿ ಒಂದೇ: ಕೋವಿಗೆ ಒಪ್ಪುವ ಮಿತವಾದ ಈಡನ್ನು ಗೊತ್ತುಮಾಡಿಕೊಂಡು ಅದನ್ನು ಬದಲಿಸದೆ, ದೂರವನ್ನು ತನ್ನ ಕಾಲಿನಿಂದ ಕಡಮೆ ಮಾಡುವುದು. ಗಾಳಿಯ ದಿಕ್ಕು ನೋಡಿ, ಹಳ್ಳದ ಮರೆ ಹಿಡಿದು, ಹೊಟ್ಟೆಯ ಮೇಲೆ ತೆವಳಿ ಹತ್ತಿರ ಹೋಗಬೇಕು. ಗಾಯಗೊಂಡು ಓಡಿದ ಪ್ರಾಣಿ ಯಾರ ಅಡಿಗೆಗೂ ಬಾರದು. ಅದರ ನೋವು ವ್ಯರ್ಥ, ಮದ್ದೂ ವ್ಯರ್ಥ. ಬಿಲ್ಲುಬಾಣಗಳಿಂದಲೂ, ಹೊಳೆ ದಾಟುವಾಗ ದೋಣಿಯಿಂದ ಎಸೆಯುವ ಈಟಿಯಿಂದಲೂ ಕ್ಯಾರಿಬೂವನ್ನು ಹಿಡಿಯುತ್ತಿದ್ದ ಇನೂಯಿಟ್ ಜನರಿಗೆ ಈ ವಿದ್ಯೆ ತಲೆತಲಾಂತರದ್ದು. ರೇ ಅವರಿಂದ ಹಿಮದ ಮನೆ ಕಟ್ಟುವುದನ್ನೂ ಕಲಿತನು. ಅವರಂತೆ ತೊಗಲಿನ ಉಡುಪು ಮೆಚ್ಚಿದನು. 1847ರಲ್ಲಿ ಅವನ ತಂಡದವರೆಲ್ಲರೂ ಜೀವಂತರಾಗಿ ಹಿಂದಿರುಗಿದರು.

ಇದೇ ಕಾಲದಲ್ಲಿ ಬ್ರಿಟಿಷ್ ನೌಕಾದಳದ ಸರ್ ಜಾನ್ ಫ್ರಾಂಕ್ಲಿನ್ ಎಂಬ ಹಿರಿಯ ಅಧಿಕಾರಿ ಎರೆಬಸ್, ಟೆರರ್ ಎಂಬ ಎರಡು ಹಡಗುಗಳಲ್ಲಿ, ಮೂರು ವರ್ಷದ ಡಬ್ಬಿ ಆಹಾರವನ್ನು ಹೇರಿಕೊಂಡು 1845ರಲ್ಲಿ ಹೊರಟಿದ್ದನು. ಅವನೂ ಅವನ ಜೊತೆಗಾರರೂ, ಒಟ್ಟು 129 ಜನ, ಕಣ್ಮರೆಯಾದರು. ಅವರನ್ನು ಹುಡುಕುವ ಕಾರ್ಯದಲ್ಲಿ ರೇಯೂ 1848ರಿಂದ ಪಾಲುಗೊಂಡನು. 1854ರಲ್ಲಿ ಮತ್ತೆ ರಿಪಲ್ಸ್ ಬೇಯಿಂದ ಹೊರಟಾಗ, ಕಿಂಗ್ ವಿಲಿಯಂ ನಾಡು ದ್ವೀಪವೆಂದು ತೋರಿಸುವ ಜಲಸಂಧಿಯನ್ನು ಕಂಡನು. ಇಂದು ಅದಕ್ಕೆ ಅವನದೇ ಹೆಸರು. ಅದೇ ಯಾತ್ರೆಯಲ್ಲಿ ಭೇಟಿಯಾದ ಇನೂಯಿಟರು ಬಿಳಿಯರ ಒಂದು ದೊಡ್ಡ ಗುಂಪು ಹಸಿವಿನಿಂದ ಸತ್ತ ಸಂಗತಿಯನ್ನು ಹೇಳಿದರು. ಫ್ರಾಂಕ್ಲಿನ್ ತಂಡದ ಬೆಳ್ಳಿಯ ಚಮಚಗಳನ್ನೂ ಪದಕವನ್ನೂ ಅವನಿಗೆ ಮಾರಿದರು. ಕಡೆಗಾಲದಲ್ಲಿ ಸತ್ತವರ ಮಾಂಸವನ್ನೇ ಉಳಿದವರು ತಿಂದ ಕುರುಹುಗಳಿದ್ದವೆಂದೂ ತಿಳಿಸಿದರು.

ರೇ ಈ ವರದಿಯನ್ನು ಯಾವ ಮುಚ್ಚುಮರೆಯೂ ಇಲ್ಲದೆ ನೌಕಾ ಇಲಾಖೆಗೆ ಒಪ್ಪಿಸಿದನು. ಇಲಾಖೆಯು ಅದನ್ನು ಪತ್ರಿಕೆಗಳಿಗೆ ಕೊಟ್ಟಿತು. ಇಂಗ್ಲೆಂಡು ಸಿಡಿದೆದ್ದಿತು. ಫ್ರಾಂಕ್ಲಿನನ ಪತ್ನಿ ಕೆರಳಿದಳು. ಪ್ರಸಿದ್ಧ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತನ್ನ ಪತ್ರಿಕೆಯಲ್ಲಿ, ಆಂಗ್ಲ ನಾವಿಕರು ಹಾಗೆ ಮಾಡಲಾರರೆಂದೂ ಇನೂಯಿಟರ ಮಾತು ನಂಬಲರ್ಹವಲ್ಲವೆಂದೂ ವಾದಿಸಿದನು. ತನಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟ ಜನರ ಪ್ರಾಮಾಣಿಕತೆಯನ್ನು ರೇ ಅದೇ ಪತ್ರಿಕೆಯಲ್ಲಿಯೇ ಸಮರ್ಥಿಸಿದನು, ಹೇಳಿದ್ದನ್ನು ಹಿಂತೆಗೆದುಕೊಳ್ಳಲಿಲ್ಲ. ಫ್ರಾಂಕ್ಲಿನನ ಗತಿಯನ್ನು ಅರಿತವರಿಗೆಂದು ಸಾರಿದ್ದ 10,000 ಪೌಂಡುಗಳ ಬಹುಮಾನ ಅವನಿಗೂ ಅವನ ಜೊತೆಗಾರರಿಗೂ ದೊರೆಯಿತು. ಆದರೆ ಇತರ ಶೋಧಕರಿಗೆ ಸಂದ ಸರ್ ಪದವಿ ಅವನಿಗೆ ಸಲ್ಲಲಿಲ್ಲ. 1893ರ ಜುಲೈ 22ರಂದು ಲಂಡನ್ನಿನಲ್ಲಿ ತೀರಿಕೊಂಡ ರೇಯ ದೇಹವನ್ನು ಹುಟ್ಟುನಾಡಾದ ಆರ್ಕ್ನಿಯ ಸೇಂಟ್ ಮ್ಯಾಗ್ನಸ್ ದೇವಾಲಯದ ಆವರಣದಲ್ಲಿ ಮಣ್ಣು ಮಾಡಿದರು.

ಕಾಲವು ಅವನ ಪಕ್ಷವನ್ನೇ ಹಿಡಿಯಿತು. ಅಮಂಡ್ಸನ್ 1903ರಲ್ಲಿ ಹೊರಟು 1906ರ ವೇಳೆಗೆ ವಾಯವ್ಯ ಜಲಮಾರ್ಗವನ್ನು ಪೂರೈಸಿದ್ದು ರೇ ಜಲಸಂಧಿಯ ಮೂಲಕವೇ. 1997ರಲ್ಲಿ ಪ್ರಕಟವಾದ ಸಂಶೋಧನೆಯು ಫ್ರಾಂಕ್ಲಿನ್ ತಂಡದವರ ಎಲುಬುಗಳ ಮೇಲೆ ಚಾಕುವಿನ ಗೆರೆಗಳಿರುವುದನ್ನು ತೋರಿಸಿತು. ಎರೆಬಸ್ 2014ರಲ್ಲಿಯೂ ಟೆರರ್ 2016ರಲ್ಲಿಯೂ ಕಡಲಡಿಯಲ್ಲಿ ದೊರೆತವು. 2024ರಲ್ಲಿ ಅಂಥ ಗೆರೆಗಳಿದ್ದ ದವಡೆಯೊಂದು ಎರೆಬಸ್ಸಿನ ನಾಯಕ ಜೇಮ್ಸ್ ಫಿಟ್ಸ್‌ಜೇಮ್ಸನದೆಂದು ಗುರುತು ಸಿಕ್ಕಿತು. ಇನೂಯಿಟರು ಹೇಳಿದ್ದು ಸತ್ಯವಾಗಿತ್ತು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ 2014ರಲ್ಲಿ ರೇಯ ಹೆಸರಿನ ಫಲಕವನ್ನು ಇಟ್ಟರು.

ವಿದ್ಯಾರ್ಥಿಗಳಾದ ನಮಗೆ ಈ ಬಾಳಿನಲ್ಲಿ ಕಲಿಯುವುದು ಬಹಳವಿದೆ. ತಿಳಿದವರು ಯಾವ ಕುಲದವರಾದರೂ ಅವರ ಬಳಿ ಕುಳಿತು ಕಲಿಯುವ ವಿನಯ ಅವನಲ್ಲಿತ್ತು. ತನ್ನ ಕೈಯಲ್ಲಿದ್ದ ಸಾಧನದ ಮಿತಿಯನ್ನು ಅರಿತು, ಆ ಮಿತಿಯೊಳಕ್ಕೆ ನಡೆದು ಹೋಗುವ ತಾಳ್ಮೆಯಿತ್ತು. ಕೇಳಿದ ಸತ್ಯವು ದೊಡ್ಡವರಿಗೆ ಅಪ್ರಿಯವಾದಾಗಲೂ ಅದನ್ನು ಆಡುವ ಧೈರ್ಯವಿತ್ತು. ರಿಪಲ್ಸ್ ಬೇಯಲ್ಲಿ ಅವನ ಜನರನ್ನು ಬದುಕಿಸಿದ್ದು ಮೊದಲ ಎರಡು ಗುಣಗಳು. ಅವನ ಹೆಸರನ್ನು ಇಂದಿಗೂ ಬದುಕಿಸಿರುವುದು ಮೂರನೆಯದು.