ಲಾಲ್‌ಬಾಗಿನ ಕ್ರುಂಬಿಗೆಲ್

ನಾಗಪುರದ ಸಂತ್ರೆಯನ್ನು ಮಿರಜದ ಪೇಟೆಯಲ್ಲಿ ಡಜನ್ ಲೆಕ್ಕದಲ್ಲಿ ಕೊಳ್ಳುವ ನಮಗೆ, ಕಿತ್ತಳೆ ಗಿಡ ಬದುಕಿಸಲು ಅರಮನೆಯಂಥ ಕಟ್ಟಡ ಬೇಕಾಗಿತ್ತೆಂದರೆ ನಗು ಬಂದೀತು. ಆದರೆ ಯುರೋಪಿನ ಚಳಿ ಅಂಥದು. ಅಲ್ಲಿಯ ಅರಸರೂ ಜಹಗೀರದಾರರೂ ತಮ್ಮ ತೋಟಗಳಲ್ಲಿ ಇದಕ್ಕಾಗಿಯೇ ಕಿತ್ತಳೆಮನೆಗಳನ್ನು ಕಟ್ಟಿಸುತ್ತಿದ್ದರು. ಉತ್ತರಕ್ಕೆ ದಪ್ಪನೆಯ ಕಲ್ಲುಗೋಡೆ, ದಕ್ಷಿಣಕ್ಕೆ ಸಾಲಾಗಿ ಎತ್ತರದ ಗಾಜಿನ ಕಿಟಕಿಗಳು, ಒಳಗೆ ಒಲೆ. ಚಳಿಗಾಲದಲ್ಲಿ ಸೂರ್ಯ ಅಲ್ಲಿ ದಕ್ಷಿಣದ ಅಂಚಿನಲ್ಲಿ ಬಹಳ ಕೆಳಗೆ ಸಾಗುತ್ತಾನೆ. ಅವನ ಓರೆ ಕಿರಣಗಳು ಹಿಂಗೋಡೆಯವರೆಗೂ ಮುಟ್ಟುತ್ತಿದ್ದವು. ಹಗಲು ಕಾದ ಕಲ್ಲು ರಾತ್ರಿ ಆ ಕಾವನ್ನು ಮೆಲ್ಲನೆ ಬಿಡುತ್ತಿತ್ತು. ಗಿಡಗಳು ಮರದ ತೊಟ್ಟಿಗಳಲ್ಲಿದ್ದುದರಿಂದ ಬೇಸಿಗೆ ಬಂದೊಡನೆ ಅವನ್ನು ಹೊರಗೆ ಸಾಗಿಸುತ್ತಿದ್ದರು. ಜರ್ಮನಿಯ ಡ್ರೆಸ್ಡೆನ್ ನಗರದ ಪ್ರಸಿದ್ಧ ತ್ಸ್ವಿಂಗರ್ ಅರಮನೆ ಕೂಡ 1709ರಲ್ಲಿ ಆರಂಭವಾದದ್ದು ಕಿತ್ತಳೆಮನೆಯಾಗಿಯೇ.

ಆ ಡ್ರೆಸ್ಡೆನ್ನಿನ ಸಮೀಪದ ಲೋಮೆನ್ ಎಂಬಲ್ಲಿ 1865ರ ಡಿಸೆಂಬರ್ 18ರಂದು ಗುಸ್ತಾವ್ ಹೆರ್ಮನ್ ಕ್ರುಂಬಿಗೆಲ್ ಜನಿಸಿದರು. ತೋಟಗಾರಿಕೆಯ ಶಿಕ್ಷಣ ಪಡೆದದ್ದು ಪಿಲ್ನಿಟ್ಸ್‌ನಲ್ಲಿ. ಅಲ್ಲಿಯ ಅರಮನೆಯ ಉದ್ಯಾನದಲ್ಲಿ ಹಳೆಯ ಕಿತ್ತಳೆಮನೆಯೂ ಇತ್ತು, 1861ರ ಹೊತ್ತಿಗೆ ಎದ್ದುನಿಂತ ಕಬ್ಬಿಣ ಹಾಗೂ ಗಾಜಿನ ತಾಳೆಮನೆಯೂ ಇತ್ತು. ಗಿಡಗಳಿಗೆ ಮನೆ ಕಟ್ಟುವ ವಿದ್ಯೆ ಕಲ್ಲಿನಿಂದ ಕಬ್ಬಿಣಕ್ಕೆ ಹೊರಳಿದ ಕಾಲವದು. ಮುಂದೆ ಹ್ಯಾಂಬರ್ಗಿನಲ್ಲಿ ದುಡಿದು, 1888ರಲ್ಲಿ ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂಪಾತಿಗಳನ್ನು ರೂಪಿಸಿ, ಕ್ಯೂ ಉದ್ಯಾನವನ್ನು ಸೇರಿದರು.

1893ರಲ್ಲಿ ಬಡೋದೆಯ ಸಯಾಜಿರಾವ ಗಾಯಕವಾಡ ಮಹಾರಾಜರ ಸೇವೆಗೆಂದು ಭಾರತಕ್ಕೆ ಬಂದರು. ಮರಾಠಿ ಅರಸರ ಉದ್ಯಾನಗಳನ್ನು ಹದಿನೈದು ವರ್ಷ ನೋಡಿಕೊಂಡ ಮೇಲೆ, 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. ನಮ್ಮ ಸಾಂಗಲಿ ಮಿರಜದವರಂತೆ ಅವರೂ ಮರಾಠಿ ಕನ್ನಡ ಎರಡೂ ಸೀಮೆಗಳ ಋಣದಲ್ಲಿದ್ದವರು ಎನ್ನಬಹುದು.

ಲಾಲ್‌ಬಾಗಿನ ಗಾಜಿನ ಮನೆಯನ್ನೂ ಕ್ರುಂಬಿಗೆಲ್ಲರೇ ಕಟ್ಟಿಸಿದರೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಅವರಿಗಿಂತ ಮೊದಲು ಅಧೀಕ್ಷಕರಾಗಿದ್ದ ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ, 1889ರ ನವೆಂಬರ್ 30ರಂದು, ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲಿಟ್ಟರು. ಲಂಡನ್ನಿನ ಸ್ಫಟಿಕ ಮಹಲಿನ ಮಾದರಿ. ಎರಕದ ಕಬ್ಬಿಣದ ಭಾಗಗಳು ಗ್ಲಾಸ್ಗೋದ ಕಾರ್ಖಾನೆಯಿಂದ ಬಂದವು. ಆದರೆ ಹಿಮವೇ ಬೀಳದ ಬೆಂಗಳೂರಿಗೆ ಗಾಜಿನ ಮನೆ ಏಕೆ? ಇಲ್ಲಿ ಕಾವನ್ನು ಹಿಡಿದಿಡುವ ಕೆಲಸವಿಲ್ಲ. ಪಕ್ಕಗಳು ಕೆಳಗೆ ತೆರೆದಿವೆ, ಗಾಳಿ ಆಡುತ್ತದೆ. ಮೇಲಿನ ಗಾಜು ಮಳೆಯನ್ನು ತಡೆದು ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಫಲಪುಷ್ಪ ಪ್ರದರ್ಶನಕ್ಕೆ ಹೇಳಿ ಮಾಡಿಸಿದ ಮಂಟಪ! ಜಯಸಿಂಗಪುರದ ಕಡೆ ಗುಲಾಬಿ ಬೆಳೆಯುವ ಹಸಿರುಮನೆಗಳನ್ನು ಕಂಡ ಮಕ್ಕಳು ಎರಡನ್ನೂ ಹೋಲಿಸಿ ನೋಡಬೇಕು.

ಕ್ರುಂಬಿಗೆಲ್ಲರ ನಿಜವಾದ ಕೆಲಸವಿದ್ದದ್ದು ಗಾಜಿನ ಹೊರಗೆ. ಚಳಿನಾಡಿನಲ್ಲಿ ತೊಟ್ಟಿಯ ಗಿಡಗಳ ನಡುವೆ ಕಲಿತವರಿಗೆ, ದೂರದೇಶದ ಮರಗಳೂ ಬಯಲಲ್ಲೇ ಬೇರೂರಬಲ್ಲ ಊರು ಸಿಕ್ಕಿತು. ಒಂದು ರಸ್ತೆಯ ಮರಗಳ ಹೂ ಉದುರುವಷ್ಟರಲ್ಲಿ ಇನ್ನೊಂದು ರಸ್ತೆಯವು ಅರಳಬೇಕು, ವರ್ಷದ ಯಾವ ತಿಂಗಳೂ ನಗರ ಬೋಳಾಗಬಾರದು ಎಂದು ಯೋಚಿಸಿ ಅವರು ಸಾಲುಮರಗಳನ್ನು ಆರಿಸಿದರು. ಕನ್ನಂಬಾಡಿಯ ಬೃಂದಾವನ ಉದ್ಯಾನದ ರಚನೆಯಲ್ಲೂ, ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ, ಅವರ ಕೈಯಿದೆ. 1932ರಲ್ಲಿ ನಿವೃತ್ತರಾದಾಗ ಎಚ್.ಸಿ. ಜವರಾಯರು ಆ ಸ್ಥಾನಕ್ಕೆ ಬಂದರು.

ಕ್ರುಂಬಿಗೆಲ್ ಜರ್ಮನಿಗೆ ಮರಳಲಿಲ್ಲ, ಬೆಂಗಳೂರಿನಲ್ಲೇ ಉಳಿದರು. ಎರಡನೆಯ ಮಹಾಯುದ್ಧ ಬಂದಾಗ ಅದೇ ಅವರಿಗೆ ಮುಳುವಾಯಿತು. ಎಪ್ಪತ್ತು ದಾಟಿದ ಮುದುಕರನ್ನು, ಹುಟ್ಟಿನಿಂದ ಜರ್ಮನ್ ಎಂಬ ಒಂದೇ ಕಾರಣಕ್ಕೆ, ಬ್ರಿಟಿಷ್ ಸರಕಾರ ಶತ್ರುದೇಶದವರೆಂದು ಬಂಧನದಲ್ಲಿಟ್ಟಿತು. ಅವರು ನೆಡಿಸಿದ ಮರಗಳ ನೆರಳಿನಲ್ಲೇ ಆಳುವವರ ಮೋಟಾರುಗಳು ಓಡಾಡುತ್ತಿದ್ದ ಕಾಲದಲ್ಲಿ ಇದು ನಡೆಯಿತೆಂಬುದು ನಮಗೆ ಈಗಲೂ ನೋವಿನ ಸಂಗತಿ. ಬಿಡುಗಡೆಯಾದ ಮೇಲೂ ಅವರು ದೇಶ ಬಿಡಲಿಲ್ಲ. ಸ್ವತಂತ್ರ ಭಾರತವನ್ನು ಕಂಡು, 1956ರ ಫೆಬ್ರವರಿ 8ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಹೊಸೂರು ರಸ್ತೆಯ ಮೆಥೊಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಬದಿಯ ಒಂದು ರಸ್ತೆಗೂ ಅವರ ಹೆಸರಿದೆ. ಬೆಂಗಳೂರಿಗರ ಬಾಯಲ್ಲಿ ಅದು ಕ್ರುಂಬಿಗಲ್ ರಸ್ತೆ.