ಬೆಂಗಳೂರಿನಲ್ಲಿ ಆರು ತಿಂಗಳು ಇದ್ದ ಮ್ಯಾಕ್ಸ್ ಬಾರ್ನ್



ನಮ್ಮ ನೆಗಮಂನ ನೇಕಾರರ ಮನೆಯ ಮಕ್ಕಳು ಈಗ ಪೊಳ್ಳಾಚಿ, ಕೊಯಮತ್ತೂರು ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುತ್ತಿದ್ದಾರೆ. ಕ್ವಾಂಟಂ ಪಾಠದಲ್ಲಿ ಬರುವ ತರಂಗ ಫಲನ ಪರೀಕ್ಷೆಗೆ ಬಾಯಿಪಾಠ ಆಗುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ ಎಂದು ಕೆಲವರು ನಮ್ಮ ಬಳಿ ಹೇಳಿಕೊಂಡರು. ನಾವು ಗುಮಾಸ್ತರಾಗಿ ನಿವೃತ್ತರಾದವರು, ವಿಜ್ಞಾನಿಗಳಲ್ಲ. ಆದರೂ ಆ ಫಲನಕ್ಕೆ ಅರ್ಥ ಹೇಳಿದ ಮಹನೀಯರು ಒಂದು ಕಾಲದಲ್ಲಿ ಬೆಂಗಳೂರಿನಲ್ಲೇ ಇದ್ದರೆಂದು ಓದಿ ತಿಳಿದ ಮೇಲೆ ಈ ನಾಲ್ಕು ಮಾತು ಬರೆಯದೆ ಇರಲಾಗಲಿಲ್ಲ.

ಮ್ಯಾಕ್ಸ್ ಬಾರ್ನ್ ಅವರು 1882ರ ಡಿಸೆಂಬರ್ 11ರಂದು ಜರ್ಮನಿಯ ಬ್ರೆಸ್ಲಾವ್ ನಗರದ ಯೆಹೂದಿ ಮನೆತನದಲ್ಲಿ ಹುಟ್ಟಿದರು. ಆ ನಗರ ಇಂದು ಪೋಲೆಂಡಿನಲ್ಲಿದೆ. ತಂದೆ ಗುಸ್ತಾವ್ ಬಾರ್ನ್ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರು. ತಾಯಿ ಮಾರ್ಗರೆಟ್ ಬಟ್ಟೆ ಗಿರಣಿ ನಡೆಸುತ್ತಿದ್ದ ಕೌಫ್‌ಮನ್ ಮನೆತನದವರು. ನೂಲು, ಬಟ್ಟೆಯ ಮನೆ ಎಂದರೆ ನಮಗೆ ಸಹಜವಾಗಿಯೇ ಒಂದು ಅಭಿಮಾನ! ಬಾಲಕನಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು, ಹದಿನೇಳಕ್ಕೆ ತಂದೆಯೂ ಹೋದರು. ಗಟ್ಟಿಂಗನ್ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ಡಾಕ್ಟರೇಟ್ ಪಡೆದು, 1921ರಲ್ಲಿ ಅಲ್ಲಿಯೇ ಪ್ರಾಧ್ಯಾಪಕರಾದರು.

1925ರಲ್ಲಿ ಅವರ ಸಹಾಯಕ ಹೈಸನ್‌ಬರ್ಗ್ ಪರಮಾಣುವಿನ ಲೆಕ್ಕಕ್ಕೆ ಹೊಸ ದಾರಿ ಹುಡುಕಿದರು. ಆ ವಿಚಿತ್ರ ಗುಣಾಕಾರ ಗಣಿತದಲ್ಲಿ ಆಗಲೇ ಇದ್ದ ಮ್ಯಾಟ್ರಿಕ್ಸ್ ಎಂದು ಗುರುತಿಸಿದವರು ಬಾರ್ನ್. ಮರುವರ್ಷ ಜ್ಯೂರಿಕ್‌ನಲ್ಲಿದ್ದ ಶ್ರೋಡಿಂಗರ್ ಅಲೆಯ ಸಮೀಕರಣ ಕೊಟ್ಟರು. ಅದರಲ್ಲಿ ಬರುವುದೇ ತರಂಗ ಫಲನ. ಲೆಕ್ಕವೇನೋ ಸರಿಯಾಗಿ ಬರುತ್ತಿತ್ತು, ಆದರೆ ಅಲೆ ಯಾವುದರದು? ಎಲೆಕ್ಟ್ರಾನೇ ಅಲೆಯಂತೆ ಹರಡಿಕೊಂಡಿದೆ ಎಂಬುದು ಶ್ರೋಡಿಂಗರ್ ಅವರ ಭಾವನೆ. ಹಾಗಾದರೆ ಅಳೆದಾಗ ಅರ್ಧ ಎಲೆಕ್ಟ್ರಾನ್, ಕಾಲು ಎಲೆಕ್ಟ್ರಾನ್ ಸಿಗಬೇಕಿತ್ತು. ಯಾವಾಗಲೂ ಸಿಗುವುದು ಇಡಿಯಾದ ಒಂದೇ.

1926ರ ಜೂನ್‌ನಲ್ಲಿ ಬಾರ್ನ್ ಪತ್ರಿಕೆಗೆ ಕಳಿಸಿದ ಸಣ್ಣ ಲೇಖನದಲ್ಲಿ ಉತ್ತರವಿತ್ತು. ಅಲೆ ಹೇಳುವುದು ಕಣ ಎಲ್ಲಿ ಸಿಕ್ಕೀತು ಎಂಬ ಸಂಭವವನ್ನು. ಮೊದಲು ಅವರು ಫಲನವೇ ಸಂಭವ ಎಂಬಂತೆ ಬರೆದಿದ್ದರು. ಕರಡು ತಿದ್ದುವಾಗ ಯೋಚಿಸಿ, ಫಲನವಲ್ಲ, ಅದರ ವರ್ಗ ಎಂದು ಅಡಿಟಿಪ್ಪಣಿ ಸೇರಿಸಿದರು. ಜೀವಮಾನವೆಲ್ಲ ಫೈಲು ತಿದ್ದಿದ ನಮಗೆ ಆ ಅಡಿಟಿಪ್ಪಣಿಯ ಮೇಲೆ ಬಹಳ ಪ್ರೀತಿ.

ಮಕ್ಕಳಿಗಾಗಿ ಒಂದು ಲೆಕ್ಕ. ಕಣ ಸಿಗಬಹುದಾದ ಜಾಗ ಎರಡೇ ಎನ್ನೋಣ. ಒಂದು ಕಡೆ ಫಲನದ ಬೆಲೆ 3, ಇನ್ನೊಂದು ಕಡೆ 1. ವರ್ಗ ಮಾಡಿದರೆ 9 ಮತ್ತು 1. ಅಂದರೆ ಹತ್ತು ಸಲ ನೋಡಿದರೆ ಸುಮಾರು ಒಂಬತ್ತು ಸಲ ಮೊದಲನೆಯ ಕಡೆ ಸಿಗುತ್ತದೆ. ಫಲನದ ಬೆಲೆ ಋಣವೂ ಆಗಬಹುದು, ಸಂಭವ ಋಣವಾಗುವಂತಿಲ್ಲ. ಅದಕ್ಕೇ ವರ್ಗ ಬೇಕು. (ನಿಜದಲ್ಲಿ ಬೆಲೆಗಳು ಸಂಕೀರ್ಣ ಸಂಖ್ಯೆಗಳು, ಅವುಗಳ ಪರಿಮಾಣದ ವರ್ಗ ತೆಗೆಯಬೇಕು.) ಇನ್ನು ಒಂದೇ ಜಾಗಕ್ಕೆ ಎರಡು ದಾರಿಗಳಿದ್ದರೆ ಮೊದಲು ಕೂಡಬೇಕು, ಆಮೇಲೆ ವರ್ಗ. 3 ಮತ್ತು 3 ಸೇರಿ 6, ಅದರ ವರ್ಗ 36. 3 ಮತ್ತು ಋಣ 3 ಸೇರಿದರೆ ಸೊನ್ನೆ, ಅಲ್ಲಿ ಕಣ ಸಿಗುವುದೇ ಇಲ್ಲ. ಜಮಾ ಖರ್ಚು ಸರಿಹೋದಂತೆ.

ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಎರಡು ಸೀಳುಗಳ ಕಡೆಗೆ ಬಿಟ್ಟರೆ ಆಚೆಯ ಪರದೆಯ ಮೇಲೆ ಒಂದೊಂದೇ ಚುಕ್ಕೆ ಬೀಳುತ್ತದೆ. ಸಾವಿರಾರು ಬಿದ್ದ ಮೇಲೆ ಪಟ್ಟೆ ಪಟ್ಟೆ ಕಾಣುತ್ತದೆ. ಮಗ್ಗದಲ್ಲೂ ಒಂದು ಹೊಕ್ಕಿನ ಎಳೆ ನೋಡಿದರೆ ಸೀರೆಯ ಅಂಚು ತಿಳಿಯದು, ನೇಯುತ್ತಾ ಹೋದಂತೆ ತಿಳಿಯುತ್ತದೆ. ವ್ಯತ್ಯಾಸ ಇಷ್ಟೇ: ಮುಂದಿನ ಎಳೆ ಎಲ್ಲಿ ಎಂದು ನೇಕಾರನಿಗೆ ಗೊತ್ತು, ಮುಂದಿನ ಚುಕ್ಕೆ ಎಲ್ಲಿ ಎಂದು ಯಾರೂ ಹೇಳಲಾರರು. ಗೆಳೆಯ ಐನ್‌ಸ್ಟೈನ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಆದರೂ ಇಬ್ಬರ ಸ್ನೇಹ, ಪತ್ರವ್ಯವಹಾರ ನಿಲ್ಲಲಿಲ್ಲ.

1933ರಲ್ಲಿ ನಾಜಿ ಸರ್ಕಾರ ಯೆಹೂದಿಯೆಂಬ ಕಾರಣಕ್ಕೆ ಅವರನ್ನು ಕೆಲಸದಿಂದ ದೂರ ಮಾಡಿತು. ಹೆಂಡತಿ ಮಕ್ಕಳೊಡನೆ ದೇಶ ಬಿಟ್ಟು ಕೇಂಬ್ರಿಜ್ ಸೇರಿದರು. ಅಲ್ಲಿನದು ಖಾಯಂ ಕೆಲಸವಲ್ಲ. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರನ್ನು ಕರೆಸಿಕೊಂಡರು. 1935–36ರಲ್ಲಿ ಸುಮಾರು ಆರು ತಿಂಗಳು ಬಾರ್ನ್ ದಂಪತಿಗಳು ಬೆಂಗಳೂರಿನಲ್ಲಿದ್ದರು. ಅಲ್ಲಿನ ತರುಣ ವಿಜ್ಞಾನಿ ನಾಗೇಂದ್ರನಾಥ್ ಅವರ ಜೊತೆ ಸೇರಿ ಸಂಶೋಧನೆಯನ್ನೂ ಪ್ರಕಟಿಸಿದರು.

ಅವರನ್ನು ಬೆಂಗಳೂರಿನಲ್ಲೇ ಉಳಿಸಿಕೊಳ್ಳಬೇಕೆಂದು ರಾಮನ್ ಅವರ ಆಸೆ. ಆದರೆ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು, ತನ್ನ ದೇಶದಿಂದಲೇ ಹೊರಹಾಕಿಸಿಕೊಂಡ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದಲ್ಲಿ ಮಾತಾಡಿದರು. ಬಾರ್ನ್ ಅಲ್ಲೇ ಕುಳಿತಿದ್ದರು. ಮನೆಗೆ ಬಂದು ಹೆಂಡತಿಯ ಮುಂದೆ ಅತ್ತರಂತೆ. ತಲೆಮಾರುಗಳ ಹಿಂದೆ ಕನ್ನಡ ನಾಡು ಬಿಟ್ಟು ಮಗ್ಗದೊಡನೆ ಇಲ್ಲಿಗೆ ಬಂದವರ ವಂಶದವರಾದ ನಮಗೆ, ಪರಊರಿನವನು ಎಂಬ ಮಾತಿನ ನೋವು ಗೊತ್ತು.

ಬೆಂಗಳೂರು ಕಳೆದುಕೊಂಡದ್ದು ಎಡಿನ್‌ಬರೋಗೆ ಲಾಭವಾಯಿತು. 1936ರಿಂದ 1953ರವರೆಗೆ ಬಾರ್ನ್ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಸಂಬಂಧ ನಮ್ಮ ನಾಡಿನಿಂದ ಪೂರ್ತಿ ಕಡಿಯಲಿಲ್ಲ. ಸೋದರಳಿಯ ಆಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದು, ಅದೇ ವಿಜ್ಞಾನ ಸಂಸ್ಥೆಗೆ ಕಟ್ಟಡಗಳನ್ನು ರೂಪಿಸಿದರು.

ಹೈಸನ್‌ಬರ್ಗ್ ಅವರಿಗೂ ಶ್ರೋಡಿಂಗರ್ ಅವರಿಗೂ 1933ರಲ್ಲೇ ನೊಬೆಲ್ ಕೊಡಲಾಗಿತ್ತು. ತಾನೊಬ್ಬನೇ ಪಡೆದದ್ದಕ್ಕೆ ಮನಸ್ಸಿಗೆ ಹಿತವಿಲ್ಲವೆಂದು ಹೈಸನ್‌ಬರ್ಗ್ ಬಾರ್ನ್ ಅವರಿಗೆ ಪತ್ರ ಬರೆದರು. ಬಾರ್ನ್ ಅವರ ಸರದಿ ಬಂದದ್ದು 1954ರಲ್ಲಿ, ಆ ಅಡಿಟಿಪ್ಪಣಿ ಬರೆದ 28 ವರ್ಷಗಳ ನಂತರ, ನಿವೃತ್ತರಾದ ಮೇಲೆ. ಮರುವರ್ಷ ಅಣ್ವಸ್ತ್ರಗಳ ವಿರುದ್ಧದ ರಸೆಲ್–ಐನ್‌ಸ್ಟೈನ್ ಹೇಳಿಕೆಗೆ ಸಹಿ ಹಾಕಿದರು. 1970ರ ಜನವರಿ 5ರಂದು ಗಟ್ಟಿಂಗನ್‌ನಲ್ಲಿ ತೀರಿಕೊಂಡರು. ಸಮಾಧಿಯ ಕಲ್ಲಿನ ಮೇಲೆ ಅವರದೇ ಒಂದು ಸಮೀಕರಣ ಕೆತ್ತಿದ್ದಾರೆ.

ಮಕ್ಕಳಿಗೆ ನಮ್ಮದೊಂದು ಮಾತು. ತರಂಗ ಫಲನ ಮೊದಲ ಓದಿಗೆ ತಿಳಿಯದಿದ್ದರೆ ನಾಚಿಕೆ ಬೇಡ. ಅದಕ್ಕೆ ಅರ್ಥ ಕೊಟ್ಟವರೂ ಮೊದಲ ಕರಡಿನಲ್ಲಿ ತಪ್ಪಿ, ಆಮೇಲೆ ತಿದ್ದಿಕೊಂಡವರೇ. ಸಂಘದ ಮುಂದಿನ ಕೂಟದಲ್ಲಿ ನಿಮ್ಮಲ್ಲಿ ಯಾರಾದರೂ ಇದನ್ನು ಮನೆಯ ಕನ್ನಡದಲ್ಲೇ ನಮಗೆಲ್ಲ ವಿವರಿಸಿದರೆ ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತೇವೆ. ತಪ್ಪಿದರೆ ತಿದ್ದೋಣ.

ಇಂತು ನಿಮ್ಮ,
ಕಾರ್ಯದರ್ಶಿ, ನೆಗಮಂ